ದಿಗಂತ ಬಿಟ್ಟೇಳದ ತಾರಾಗುಚ್ಛ

ಹುಣ್ಣಿಮೆಯ ಸಂಜೆ ಪೂರ್ವದಲ್ಲಿ ಮೂಡುವ ಚಂದ್ರ ಕೆಂಪಾಗಿ, ಮಂಕಾಗಿ, ಮೇಲೆ ಕೆಳಗೆ ಒತ್ತಿದಂತೆ ಚಪ್ಪಟೆಯಾಗಿ ಕಾಣುತ್ತಾನೆ. ಅದೇ ಚಂದ್ರ ನಡುರಾತ್ರಿ ನೆತ್ತಿಗೆ ಬರುವ ಹೊತ್ತಿಗೆ ಬೆಳ್ಳಗೆ, ದುಂಡಗೆ, ಕಣ್ಣು ಕೋರೈಸುವಷ್ಟು ಪ್ರಖರನಾಗಿರುತ್ತಾನೆ. ನಡುವಿನ ಆರು ಗಂಟೆಗಳಲ್ಲಿ ಚಂದ್ರನಿಗೆ ಏನೂ ಆಗಿರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು, ಈ ವ್ಯತ್ಯಾಸಕ್ಕೆ ಗಾಳಿಯೇ ಕಾರಣ ಎಂಬುದೂ ಅರ್ಧಮರ್ಧ ಗೊತ್ತು. ಮೂಡುವ ಚಂದ್ರ ದೊಡ್ಡದಾಗಿ ಕಾಣುವುದು ಮಾತ್ರ ಗಾಳಿಯ ಕೆಲಸವಲ್ಲ, ಅದು ಕಣ್ಣು ಮತ್ತು ಮಿದುಳು ಸೇರಿ ಹುಟ್ಟಿಸುವ ಭ್ರಮೆ; ಕ್ಯಾಮೆರಾದಲ್ಲಿ ಹಿಡಿದು ಅಳೆದರೆ ಎರಡೂ ಹೊತ್ತಿನ ಬಿಂಬದ ಅಡ್ಡಗಲ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ.

ಚಂದ್ರನಂಥ ದೊಡ್ಡ ಬಿಂಬಕ್ಕೆ ಈ ಬದಲಾವಣೆ ಚೆಲುವನ್ನೇ ತರುತ್ತದೆ. ಆದರೆ ಸಾವಿರಾರು ಸೂಕ್ಷ್ಮ ಬೆಳಕಿನ ಚುಕ್ಕೆಗಳು ಒತ್ತೊತ್ತಾಗಿ ಸೇರಿರುವ ತಾರಾಗುಚ್ಛವೊಂದು ಅದೇ ಎತ್ತರದಲ್ಲಿರುವಾಗ ಅದರ ಚಿತ್ರ ತೆಗೆಯಲು ಹೊರಡುವ ಹವ್ಯಾಸಿ ಖಗೋಳವೀಕ್ಷಕರಿಗೆ ಸಿಗುವುದು ಬಹುಮಟ್ಟಿಗೆ ನಿರಾಸೆಯೇ. ಗುಚ್ಛದ ಅಂಚಿನ ನಕ್ಷತ್ರಗಳು ಮಾಯವಾಗಿರುತ್ತವೆ, ನಡುವಿನವು ಒಂದರೊಳಗೊಂದು ಕಲಸಿಹೋಗಿ ಮಬ್ಬು ಮುದ್ದೆಯಾಗಿರುತ್ತವೆ. ಚಿತ್ರವನ್ನು ಹಿಗ್ಗಿಸಿ ಯಾವುದಾದರೂ ಒಂದು ನಕ್ಷತ್ರವನ್ನು ಹತ್ತಿರದಿಂದ ನೋಡಿದರೆ ಅದು ಚುಕ್ಕೆಯಾಗಿ ಉಳಿದಿರದೆ ಮೇಲ್ತುದಿ ನೀಲಿ, ನಡು ಹಸಿರು, ಕೆಳತುದಿ ಕೆಂಪಾಗಿರುವ ಒಂದು ಪುಟ್ಟ ನಿಲುಗೆರೆಯಾಗಿರುತ್ತದೆ. ಮಂಕು, ಮಸುಕು, ಬಣ್ಣದ ಗೆರೆ ಎಂಬ ಈ ಮೂರು ದೋಷಗಳನ್ನು ಹೆಚ್ಚಿನವರು ಮೂರು ಬೇರೆ ಬೇರೆ ಕಾಯಿಲೆಗಳೆಂದು ತಿಳಿದು, ಒಂದಕ್ಕೆ ದೊಡ್ಡ ಮಸೂರವನ್ನೂ ಇನ್ನೊಂದಕ್ಕೆ ದುಬಾರಿ ಪೀಠವನ್ನೂ ಮದ್ದಾಗಿ ಹುಡುಕುತ್ತಾರೆ. ಮೂರಕ್ಕೂ ಬೇರು ಒಂದೇ, ಮತ್ತು ಆ ಬೇರನ್ನು ಅರಿತವರಿಗೆ ಯಾವ ಬಣ್ಣದ ಬೆಳಕನ್ನು ನಂಬಬೇಕು ಎಂಬುದೂ ತಿಳಿಯುತ್ತದೆ ಎನ್ನುವುದೇ ಈ ಅಧ್ಯಾಯದ ವಾದ.

ಕಾಯ್ದರೂ ಮೇಲೇರದ ಗುಚ್ಛ

ದಿಗಂತದಲ್ಲಿರುವ ಆಕಾಶಕಾಯದ ಚಿತ್ರ ಚೆನ್ನಾಗಿ ಬರಬೇಕಾದರೆ ಅದು ಮೇಲೇರುವವರೆಗೆ ಕಾಯಬೇಕು ಎನ್ನುವುದು ಸಾಮಾನ್ಯ ಸಲಹೆ, ಮತ್ತು ಕೃತ್ತಿಕೆಯಂಥ ಗುಚ್ಛಕ್ಕೆ ಆ ಸಲಹೆ ಸಾಕು. ಪೂರ್ವದಲ್ಲಿ ಹುಟ್ಟಿದ ಕೃತ್ತಿಕೆ ಆರೇಳು ಗಂಟೆಗಳಲ್ಲಿ ಬೆಂಗಳೂರಿನ ಆಕಾಶದಲ್ಲಿ 79 ಡಿಗ್ರಿ ಎತ್ತರಕ್ಕೆ, ಎಂದರೆ ನೆತ್ತಿಯ ಸನಿಹಕ್ಕೇ ಬರುತ್ತದೆ. ಆದರೆ ಎಷ್ಟು ಕಾಯ್ದರೂ ಮೇಲೇರದ ಗುಚ್ಛಗಳೂ ಇವೆ. ಆಕಾಶದ ದಕ್ಷಿಣ ಧ್ರುವವು ಒಂದು ಊರಿನ ಅಕ್ಷಾಂಶ ಎಷ್ಟೋ ಅಷ್ಟು ಡಿಗ್ರಿ ಆ ಊರಿನ ತೆಂಕಣ ದಿಗಂತದ ಕೆಳಗಿರುತ್ತದೆ. ಬೆಂಗಳೂರಿನ ಅಕ್ಷಾಂಶ ಸುಮಾರು 13 ಡಿಗ್ರಿ, ಆದ್ದರಿಂದ ಅಲ್ಲಿಂದ ನೋಡುವಾಗ ಆ ಧ್ರುವವು ದಿಗಂತದಿಂದ 13 ಡಿಗ್ರಿ ಕೆಳಗೆ ಅಡಗಿರುತ್ತದೆ. ಹೀಗಿರುವಾಗ ಧ್ರುವದಿಂದ 18 ಡಿಗ್ರಿ ದೂರದಲ್ಲಿರುವ ಯಾವುದೇ ಕಾಯ ತನ್ನ ಸುತ್ತಿನಲ್ಲಿ ಅತಿ ಮೇಲಕ್ಕೆ ಬಂದಾಗಲೂ ದಿಗಂತದಿಂದ 5 ಡಿಗ್ರಿಗಿಂತ ಹೆಚ್ಚು ಏರಲಾರದು.

ಟುಕಾನಾ ಪುಂಜದ 47 ಟುಕಾನೆ ಎಂಬ ಗುಚ್ಛ ಇರುವುದು ಸರಿಯಾಗಿ ಇಂಥ ಜಾಗದಲ್ಲಿ. ಲಕ್ಷಾಂತರ ಮುದಿ ನಕ್ಷತ್ರಗಳು ಪರಸ್ಪರ ಗುರುತ್ವದಿಂದ ಚೆಂಡಿನಾಕಾರದಲ್ಲಿ ಒತ್ತಿ ಕುಳಿತಿರುವ ಇಂಥವನ್ನು ಗೋಳಗುಚ್ಛಗಳು ಎನ್ನುತ್ತಾರೆ. ಸುಮಾರು 15 ಸಾವಿರ ಜ್ಯೋತಿರ್ವರ್ಷ ದೂರದಲ್ಲಿದ್ದರೂ ಹುಣ್ಣಿಮೆಯ ಚಂದ್ರನಷ್ಟು ಹರವು ಇರುವ ಈ ಗುಚ್ಛ, ಇಡೀ ಆಕಾಶದ ಗೋಳಗುಚ್ಛಗಳಲ್ಲಿ ಒಮೆಗಾ ಸೆಂಟಾರಿಯನ್ನು ಬಿಟ್ಟರೆ ಅತ್ಯಂತ ಪ್ರಕಾಶಮಾನವಾದದ್ದು. ಫ್ರೆಂಚ್ ಖಗೋಳಶಾಸ್ತ್ರಜ್ಞ ಲಕಾಯ್ 1751ರಲ್ಲಿ ಇದನ್ನು ದಾಖಲಿಸಿದ್ದು ಆಫ್ರಿಕದ ತೆಂಕಣ ತುದಿಯ ಗುಡ್‌ಹೋಪ್ ಭೂಶಿರದಿಂದ. ಅಲ್ಲಿ ಅದು 52 ಡಿಗ್ರಿ ಎತ್ತರಕ್ಕೆ ಏರುತ್ತದೆ, ಬರಿಗಣ್ಣಿಗೇ ಮಂಜಿನ ಚುಕ್ಕೆಯಾಗಿ ಕಾಣುತ್ತದೆ. ಕರ್ನಾಟಕದಲ್ಲಿ ಅದರ ಅತಿ ಹೆಚ್ಚಿನ ಎತ್ತರ ಚಾಮರಾಜನಗರದಲ್ಲಿ ಸುಮಾರು 6 ಡಿಗ್ರಿ, ಬೆಂಗಳೂರಿನಲ್ಲಿ 5, ಹುಬ್ಬಳ್ಳಿಯಲ್ಲಿ ಮೂರಕ್ಕಿಂತ ತುಸು ಕಡಿಮೆ. ಬೀದರಿಗೆ ಬಂದರೆ ಅದು ಹೆಚ್ಚುಕಡಿಮೆ ಸೊನ್ನೆ. ಒಂದೇ ರಾಜ್ಯದ ಎರಡು ತುದಿಗಳ ನಡುವೆ ಒಂದು ತಾರಾಗುಚ್ಛ ದಿಗಂತದ ಮೇಲೆದ್ದು ಮತ್ತೆ ಅದರಲ್ಲೇ ಮುಳುಗಿಬಿಡುತ್ತದೆ.

ಈ ಎತ್ತರಗಳೂ ಶಾಶ್ವತವಲ್ಲ. ಭೂಮಿಯ ಅಕ್ಷ ಸುಮಾರು 26 ಸಾವಿರ ವರ್ಷಗಳಿಗೊಮ್ಮೆ ಒಂದು ಸುತ್ತು ತೊನೆಯುವುದರಿಂದ ಆಕಾಶದ ಧ್ರುವ ನಕ್ಷತ್ರಗಳ ನಡುವೆ ಮೆಲ್ಲಗೆ ಸರಿಯುತ್ತಿರುತ್ತದೆ, ಮತ್ತು ಆ ಸರಿತದಿಂದ 47 ಟುಕಾನೆ ಶತಮಾನಕ್ಕೆ ಅರ್ಧ ಡಿಗ್ರಿಗಿಂತ ತುಸು ಹೆಚ್ಚಾಗಿ ಬಡಗಣಕ್ಕೆ ಬರುತ್ತಿದೆ. ಹಿಂದಕ್ಕೆ ಎಣಿಸುತ್ತ ಹೋದರೆ, 12ನೇ ಶತಮಾನದ ಮೊದಲ ಭಾಗದಲ್ಲಿ, ಹೊಯ್ಸಳರ ಕಾಲದಲ್ಲಿ, ಹಳೇಬೀಡಿನ ಅಕ್ಷಾಂಶದಿಂದ ನೋಡುವವರಿಗೆ ಈ ಗುಚ್ಛ ದಿಗಂತವನ್ನು ಸವರಿಕೊಂಡು ಹೋಗುತ್ತಿತ್ತೇ ಹೊರತು ಮೇಲೆ ಬರುತ್ತಿರಲಿಲ್ಲ. ಇಂದಿನ ಕರ್ನಾಟಕದ ತೆಂಕಣ ಜಿಲ್ಲೆಗಳ ವೀಕ್ಷಕರಿಗೆ ದಕ್ಕಿರುವ ಈ 5 ಡಿಗ್ರಿ, ಒಂಬೈನೂರು ವರ್ಷಗಳಲ್ಲಿ ಸಂಪಾದನೆಯಾದ ಎತ್ತರ.

ಬೆಂಗಳೂರಿನಿಂದ ನೋಡಿದಾಗ ಗುಚ್ಛ ಹುಟ್ಟಿ ಮುಳುಗುವುದರ ನಡುವೆ ಆರು ಗಂಟೆ ಇದ್ದರೂ, 4 ಡಿಗ್ರಿಗಿಂತ ಮೇಲಿರುವುದು ಎರಡೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು ಅಷ್ಟೆ. ಅದು ನೇರ ದಕ್ಷಿಣಕ್ಕೆ ಬಂದು ತನ್ನ ಗರಿಷ್ಠ ಎತ್ತರ ಮುಟ್ಟುವ ಹೊತ್ತು ಸೆಪ್ಟೆಂಬರ್ ಕೊನೆಯಲ್ಲಿ ಮಧ್ಯರಾತ್ರಿ ದಾಟಿದ ಮೇಲೆ, ನವೆಂಬರ್ ನಡುವಿನಲ್ಲಿ ರಾತ್ರಿ 9ರ ಸುಮಾರಿಗೆ, ಡಿಸೆಂಬರ್ ಮೊದಲಲ್ಲಿ 8ರ ಸುಮಾರಿಗೆ ಬರುತ್ತದೆ. ಚಿತ್ರ ತೆಗೆಯುವವರ ಕೈಯಲ್ಲಿರುವುದು ಇಷ್ಟೇ ಕಾಲ, ಇಷ್ಟೇ ಎತ್ತರ.

ಗಾಳಿಮಡಿ

ಭೂಮಿಯ ಸುತ್ತಲಿನ ಗಾಳಿ ತೆಳುವಾದ ಪದರಪದರವಾಗಿ ಹರಡಿದೆ, ಕೆಳಗಿನ ಪದರ ದಟ್ಟ, ಮೇಲಿನದು ವಿರಳ. ಈರುಳ್ಳಿಗೆ ಸೂಜಿಯನ್ನು ನೇರವಾಗಿ ನಡುವಿನತ್ತ ಚುಚ್ಚಿದರೆ ಅದು ಹೊರಗಿನ ಪದರಗಳನ್ನು ಅತಿ ಕಡಿಮೆ ದೂರದಲ್ಲಿ ದಾಟುತ್ತದೆ. ಅದೇ ಸೂಜಿಯನ್ನು ಸಿಪ್ಪೆಯನ್ನು ಸವರುವಂತೆ ಓರೆಯಾಗಿ ತೂರಿಸಿದರೆ ಅಷ್ಟೇ ಪದರಗಳನ್ನು ದಾಟಲು ಹಲವು ಪಟ್ಟು ಉದ್ದ ಸಾಗಬೇಕಾಗುತ್ತದೆ. ನೆತ್ತಿಯ ನಕ್ಷತ್ರದ ಬೆಳಕು ನೇರ ಸೂಜಿಯ ಹಾದಿಯಲ್ಲಿಯೂ ದಿಗಂತದ ನಕ್ಷತ್ರದ ಬೆಳಕು ಓರೆ ಸೂಜಿಯ ಹಾದಿಯಲ್ಲಿಯೂ ಬರುತ್ತದೆ.

ನೆತ್ತಿಯಿಂದ ನೇರ ಕೆಳಗಿಳಿಯುವ ಬೆಳಕು ದಾಟುವ ಗಾಳಿಯನ್ನು ಒಂದು ಎಂದಿಟ್ಟುಕೊಂಡು, ಓರೆ ಹಾದಿಯ ಗಾಳಿ ಅದರ ಎಷ್ಟು ಪಟ್ಟು ಎಂದು ಹೇಳುವ ಅಳತೆಯನ್ನು ಇಲ್ಲಿ ಗಾಳಿಮಡಿ ಎಂದು ಕರೆಯಬಹುದು. ಖಗೋಳಶಾಸ್ತ್ರಜ್ಞರ ಬಳಕೆಯಲ್ಲಿ ಇದು ಏರ್‌ಮಾಸ್. 30 ಡಿಗ್ರಿ ಎತ್ತರದಲ್ಲಿ ಗಾಳಿಮಡಿ ಎರಡು. ಬೆಂಗಳೂರಿನಿಂದ ಒಮೆಗಾ ಸೆಂಟಾರಿ ಏರುವುದು ಸುಮಾರು ಈ ಎತ್ತರಕ್ಕೆ, ಅದರ ಚಿತ್ರ ತೆಗೆಯುವುದು ಅಷ್ಟೇನೂ ಕಷ್ಟವಲ್ಲ. 10 ಡಿಗ್ರಿಗೆ ಇಳಿದರೆ ಅದು ಐದೂವರೆಯನ್ನು ದಾಟುತ್ತದೆ, 5 ಡಿಗ್ರಿಯಲ್ಲಿ ಹತ್ತನ್ನು ಮೀರುತ್ತದೆ, 2 ಡಿಗ್ರಿಯಲ್ಲಿ ಹತ್ತೊಂಬತ್ತಾಗುತ್ತದೆ. ದಿಗಂತದ ಗೆರೆಯಲ್ಲಿ ಭೂಮಿ ದುಂಡಗಿರುವ ಕಾರಣದಿಂದ ಅದು ಅನಂತವಾಗದೆ 38ರ ಸುಮಾರಿಗೆ ನಿಲ್ಲುತ್ತದೆ. ಈ ಏರಿಕೆಯ ರೀತಿಯನ್ನು ಗಮನಿಸಬೇಕು: ನೆತ್ತಿಯಿಂದ 30 ಡಿಗ್ರಿಯವರೆಗೆ, 60 ಡಿಗ್ರಿಗಳಷ್ಟು ಇಳಿದಾಗ ಹೆಚ್ಚಾದದ್ದು ಒಂದೇ ಮಡಿ, ಆದರೆ ಕೊನೆಯ ಐದು ಡಿಗ್ರಿಯಲ್ಲಿ ಸೇರಿಕೊಳ್ಳುವುದು ಇಪ್ಪತ್ತೇಳಕ್ಕೂ ಹೆಚ್ಚು ಮಡಿ. ದಿಗಂತದ ಬಳಿ ಅರ್ಧ ಡಿಗ್ರಿ ಎತ್ತರವೂ ಅಮೂಲ್ಯ, ಮತ್ತು ಒಂದು ಸಾಲು ಗುಡ್ಡದ ಹಿಂದಿನಿಂದ ಚಿತ್ರ ತೆಗೆಯುವುದಕ್ಕೂ ತೆರೆದ ಬಯಲಿನಿಂದ ತೆಗೆಯುವುದಕ್ಕೂ ಇರುವ ಅಂತರ ಮಸೂರ ಬದಲಿಸಿದರೆ ತುಂಬುವಂಥದ್ದಲ್ಲ.

ಹತ್ತರಲ್ಲಿ ಒಂದು ಪಾಲು

ಗಾಳಿಯ ಅಣುಗಳೂ ಅದರಲ್ಲಿ ತೇಲುವ ಧೂಳು, ಹೊಗೆ, ತೇವದ ಕಣಗಳೂ ಬೆಳಕನ್ನು ಅದರ ಹಾದಿಯಿಂದ ಅತ್ತಿತ್ತ ಚೆದುರಿಸುತ್ತವೆ. ಶುಭ್ರವಾದ ರಾತ್ರಿಯಲ್ಲಿ ಒಂದು ಗಾಳಿಮಡಿಯನ್ನು ದಾಟಿದ ಹಸಿರು ಬೆಳಕು ನೂರರಲ್ಲಿ 80 ಪಾಲು ಉಳಿಯುತ್ತದೆ ಎಂದುಕೊಳ್ಳೋಣ. ಎರಡನೆಯ ಮಡಿ ಉಳಿದ 80ರಲ್ಲಿ ಐದನೆಯ ಒಂದು ಪಾಲನ್ನು ಕಳೆದು 64ಕ್ಕೆ ಇಳಿಸುತ್ತದೆ, ಮೂರನೆಯದು 51ಕ್ಕೆ. ಹೀಗೆ ಹತ್ತು ಮಡಿಗಳನ್ನು ದಾಟುವ ಹೊತ್ತಿಗೆ ಉಳಿಯುವುದು ಹತ್ತರಲ್ಲಿ ಒಂದೇ ಪಾಲು. ಧೂಳು ತುಂಬಿದ ರಾತ್ರಿಯಲ್ಲಿ ಪ್ರತಿ ಮಡಿಗೆ 80ರ ಬದಲು 70 ಉಳಿದರೆ ನೆತ್ತಿಯನ್ನು ನೋಡುವವರಿಗೆ ಆ ವ್ಯತ್ಯಾಸ ಅರಿವಿಗೇ ಬಾರದು, ಆದರೆ ಹತ್ತು ಮಡಿಗಳಾಚೆಯ ಗುಚ್ಛದಲ್ಲಿ ಉಳಿಯುವುದು ಮೂವತ್ತೈದರಲ್ಲಿ ಒಂದು ಪಾಲಿನಷ್ಟು ಮಾತ್ರ. ನೆತ್ತಿಗೆ ಒಳ್ಳೆಯ ರಾತ್ರಿ ಎನಿಸಿಕೊಂಡದ್ದು ದಿಗಂತಕ್ಕೆ ಕೆಟ್ಟ ರಾತ್ರಿಯಾಗಿರಬಹುದು ಎನ್ನುವುದು ಈ ಲೆಕ್ಕದಿಂದ ಹೊರಡುವ ಬಹಳ ಮುಖ್ಯವಾದ ಪಾಠ, ಮತ್ತು ಮಳೆ ಬಂದು ಗಾಳಿ ತೊಳೆದುಹೋದ ಮಾರನೆಯ ರಾತ್ರಿಗಾಗಿ ಕಾಯುವುದರಲ್ಲಿ ಇರುವ ಲಾಭ ಯಾವ ಉಪಕರಣದಲ್ಲಿಯೂ ಇಲ್ಲ.

ಧೂಳು ಮತ್ತು ಹೊಗೆ ಗಾಳಿಯ ಅಣುಗಳಂತೆ ಎತ್ತರದವರೆಗೆ ಹರಡಿರುವುದಿಲ್ಲ, ಅವುಗಳ ಬಹುಪಾಲು ನೆಲದಿಂದ ಒಂದೆರಡು ಕಿಲೋಮೀಟರಿನೊಳಗೇ ತಂಗಿರುತ್ತದೆ. ಆದ್ದರಿಂದ ಬೆಟ್ಟದ ಮೇಲೆ ಹೋದರೆ ದಕ್ಕುವ ಶುಭ್ರತೆ, ಎತ್ತರ ಹೆಚ್ಚಿದ ಪ್ರಮಾಣಕ್ಕಿಂತ ಎಷ್ಟೋ ಹೆಚ್ಚು. ಆದರೆ ಬೆಟ್ಟ ಎಲ್ಲಿದೆ ಎನ್ನುವುದೂ ಅಷ್ಟೇ ಮುಖ್ಯ. 1,478 ಮೀಟರ್ ಎತ್ತರದ ನಂದಿಬೆಟ್ಟ ಬೆಂಗಳೂರಿನ ಹವ್ಯಾಸಿಗಳಿಗೆ ಹತ್ತಿರದ ತಾಣವಾದರೂ ಈ ಗುಚ್ಛಕ್ಕೆ ಅದು ತಕ್ಕುದಲ್ಲ, ಏಕೆಂದರೆ ಅಲ್ಲಿಂದ ದಕ್ಷಿಣಕ್ಕೆ ಇರುವುದು ಬೆಂಗಳೂರು ನಗರವೇ; ಅದರ ದೀಪಗಳ ಬೆಳಕು ಅದೇ ಧೂಳಿಗೆ ಬಡಿದು ಚೆದುರಿ, ಗುಚ್ಛ ಇರಬೇಕಾದ ಜಾಗದ ಆಕಾಶವನ್ನೇ ಬೆಳಗಿಸಿಬಿಡುತ್ತದೆ. ನಗರವನ್ನು ಬೆನ್ನಿಗೆ ಹಾಕಿಕೊಂಡು ದಕ್ಷಿಣದ ಕಾಡುಗುಡ್ಡಗಳ ಕಡೆ ಮುಖ ಮಾಡುವಂಥ ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಸೀಮೆ ಇದಕ್ಕೆ ಹೆಚ್ಚು ಸೂಕ್ತ. ನಗರದ ದೀಪವಿಲ್ಲದ ಕಡೆಯೂ ಆಕಾಶ ಪೂರ್ತಿ ಕಪ್ಪಾಗಿರುವುದಿಲ್ಲ: ಮೇಲಣ ವಾತಾವರಣದ ಅಣುಗಳು ತಾವೇ ಸೂಸುವ ಮಂದ ಬೆಳಕು, ಎಂದರೆ ವಾಯುಪ್ರಭೆ, ಓರೆ ನೋಟದಲ್ಲಿ ಹೆಚ್ಚು ದಪ್ಪವಾಗಿ ಕಾಣುತ್ತದೆ. ಹೀಗೆ ದಿಗಂತದ ಬಳಿ ಗುಚ್ಛ ಮಂಕಾಗುವುದರ ಜೊತೆಗೇ ಅದರ ಹಿನ್ನೆಲೆ ಬೆಳಗುತ್ತದೆ.

ನಡುಗುವ ಚುಕ್ಕೆ

ನಕ್ಷತ್ರದ ಮಿನುಗು ಎಲ್ಲರಿಗೂ ಪರಿಚಿತ, ದಿಗಂತದ ನಕ್ಷತ್ರ ಹೆಚ್ಚು ಮಿನುಗುತ್ತದೆ ಎನ್ನುವುದೂ ಪರಿಚಿತ. ಬಿಸಿ ಗಾಳಿ ಮತ್ತು ತಂಪು ಗಾಳಿಯ ಪೊಟ್ಟಣಗಳು ಒಂದರೊಡನೊಂದು ಬೆರೆಯುತ್ತ ಹೊರಳುವಾಗ ಅವುಗಳ ಮೂಲಕ ಬರುವ ಬೆಳಕು ಕ್ಷಣಕ್ಷಣಕ್ಕೂ ಸ್ವಲ್ಪ ಬೇರೆ ದಿಕ್ಕಿಗೆ ಬಾಗುತ್ತದೆ, ಹಾಗಾಗಿ ಕೆಲವು ಸೆಕೆಂಡು ತೆರೆದಿಟ್ಟ ಕ್ಯಾಮೆರಾದಲ್ಲಿ ಚುಕ್ಕೆಯು ಹರಡಿ ತಟ್ಟೆಯಾಗುತ್ತದೆ. ಖಗೋಳಛಾಯಾಗ್ರಾಹಕರು ಸೀಯಿಂಗ್ ಎಂದು ಕರೆಯುವ ಈ ಗಾಳಿನಡುಕವನ್ನು ಅಳೆಯುವುದು ವಿಕಲೆಗಳಲ್ಲಿ. ಒಂದು ಡಿಗ್ರಿಯ 60ನೇ ಒಂದು ಭಾಗ ಕಲೆ, ಕಲೆಯ 60ನೇ ಒಂದು ಭಾಗ ವಿಕಲೆ. ನೆತ್ತಿಯಲ್ಲಿ ನಕ್ಷತ್ರದ ತಟ್ಟೆ 2 ವಿಕಲೆ ಅಗಲವಿರುವ ರಾತ್ರಿಯಲ್ಲಿ, ಹತ್ತು ಗಾಳಿಮಡಿಗಳಾಚೆ ಅದು ಸುಮಾರು ನಾಲ್ಕು ಪಟ್ಟು ಹಿಗ್ಗಿ 8 ವಿಕಲೆಯಾಗುತ್ತದೆ. ಗುಚ್ಛದ ನಡುವಿನಲ್ಲಿ ನಕ್ಷತ್ರದಿಂದ ನಕ್ಷತ್ರಕ್ಕೆ ಇರುವ ಅಂತರ ಇದಕ್ಕಿಂತ ಕಡಿಮೆಯಾದ್ದರಿಂದ ಅಲ್ಲಿ ಬಿಡಿ ಚುಕ್ಕೆಗಳನ್ನು ಕಾಣುವ ಆಸೆಯನ್ನು ಬಿಡಬೇಕು. ಅಂಚಿನ ಕಡೆ ಅಂತರ ಹೆಚ್ಚಿರುವುದರಿಂದ ಅಲ್ಲಿ ಇನ್ನೂ ಅವಕಾಶ ಉಳಿದಿರುತ್ತದೆ.

ಬಾಗಿದ ಬೆಳಕು, ಬಿಡಿಬಿಡಿಯಾದ ಬಣ್ಣ

ವಿರಳ ಗಾಳಿಯಿಂದ ದಟ್ಟ ಗಾಳಿಗೆ ಓರೆಯಾಗಿ ಇಳಿಯುವ ಬೆಳಕು ಕೆಳಕ್ಕೆ ಬಾಗುತ್ತದೆ, ಶಾಲೆಯಲ್ಲಿ ವಕ್ರೀಭವನ ಎಂದು ಕಲಿಸುವುದು ಇದನ್ನೇ. ಬಾಗಿ ಬಂದ ಬೆಳಕನ್ನು ನೋಡುವ ಕಣ್ಣಾಗಲಿ ಕ್ಯಾಮೆರಾ ಆಗಲಿ ಆ ಕಾಯವನ್ನು ಅದು ನಿಜವಾಗಿ ಇರುವ ಜಾಗಕ್ಕಿಂತ ಮೇಲೆ ಕಾಣುತ್ತದೆ. 45 ಡಿಗ್ರಿ ಎತ್ತರದಲ್ಲಿ ಈ ಎತ್ತುವಿಕೆ ಒಂದೇ ಕಲೆ, 5 ಡಿಗ್ರಿಯಲ್ಲಿ 10 ಕಲೆ, ದಿಗಂತದಲ್ಲಿ ಸುಮಾರು 34 ಕಲೆ. ಸೂರ್ಯ ಮತ್ತು ಚಂದ್ರರ ಬಿಂಬದ ಅಗಲ ಸುಮಾರು 32 ಕಲೆಯಾದ್ದರಿಂದ, ಕೆಳ ಅಂಚು ದಿಗಂತವನ್ನು ಮುಟ್ಟಿದಂತೆ ಕಾಣುವ ಸೂರ್ಯ ಲೆಕ್ಕದ ಪ್ರಕಾರ ಆಗಲೇ ಮುಳುಗಿರುತ್ತಾನೆ. ಚಂದ್ರನ ಕೆಳ ಅಂಚು 34 ಕಲೆ ಮೇಲೆ ಎತ್ತಲ್ಪಟ್ಟರೆ ಅರ್ಧ ಡಿಗ್ರಿ ಮೇಲಿರುವ ಮೇಲಂಚು ಐದಾರು ಕಲೆ ಕಡಿಮೆ ಎತ್ತಲ್ಪಡುತ್ತದೆ, ಮೂಡುವ ಬಿಂಬ ಚಪ್ಪಟೆಯಾಗುವುದು ಹೀಗೆ. ಬೀದರಿನಲ್ಲಿ 47 ಟುಕಾನೆಯ ನಿಜವಾದ ಎತ್ತರ ಸೊನ್ನೆಯ ಹತ್ತಿರ ಇದ್ದರೂ ಅಡೆತಡೆಯಿಲ್ಲದ ದಿಗಂತ ಸಿಕ್ಕಿದರೆ ಅದು ಅರ್ಧ ಡಿಗ್ರಿಗೂ ಹೆಚ್ಚು ಮೇಲೆ ಇರುವಂತೆ ತೋರುತ್ತದೆ. ಆದರೆ ಮೂವತ್ತರ ಆಸುಪಾಸಿನ ಗಾಳಿಮಡಿ ಅಲ್ಲಿ ಅದನ್ನು ಕಾಣಗೊಡುವುದಿಲ್ಲ.

ಇಷ್ಟರಿಂದ ಚುಕ್ಕೆಯು ಗೆರೆಯಾಗಬೇಕಿರಲಿಲ್ಲ. ಗೆರೆಯಾಗುವುದು ಗಾಳಿ ಎಲ್ಲ ಬಣ್ಣಗಳನ್ನೂ ಒಂದೇ ಅಳತೆಯಲ್ಲಿ ಬಾಗಿಸದಿರುವುದರಿಂದ. ನೀಲಿ ಹೆಚ್ಚು ಬಾಗುತ್ತದೆ, ಕೆಂಪು ಕಡಿಮೆ. ಗಾಜಿನ ಪಟ್ಟಕದಲ್ಲಿ ಆಗುವ ವರ್ಣವಿಭಜನೆ ಇಲ್ಲಿ ಗಾಳಿಯಲ್ಲೇ ಆಗುತ್ತದೆ. ನೇರಳೆಯ ಅಂಚಿನಿಂದ ಕೆಂಪಿನ ಅಂಚಿನವರೆಗೆ ಬಾಗುವಿಕೆಯ ವ್ಯತ್ಯಾಸ ನೂರಕ್ಕೆ ಎರಡೂವರೆ ಪಾಲು ಮಾತ್ರ, ಆದ್ದರಿಂದ 45 ಡಿಗ್ರಿ ಎತ್ತರದಲ್ಲಿ ಒಟ್ಟು ಬಾಗುವಿಕೆಯೇ ಒಂದು ಕಲೆಯಿರುವಾಗ ಬಣ್ಣಗಳು ಒಂದೂವರೆ ವಿಕಲೆಯಷ್ಟು ಚೆದುರಿದರೆ ಗಾಳಿನಡುಕದಲ್ಲಿ ಅದು ಮುಚ್ಚಿಹೋಗುತ್ತದೆ. 5 ಡಿಗ್ರಿಯಲ್ಲಾದರೋ ಹತ್ತು ಕಲೆಯಲ್ಲಿ ನೂರಕ್ಕೆ ಎರಡೂವರೆ ಪಾಲು ಎಂದರೆ 15 ವಿಕಲೆ. ನೀಲಿ ಬಿಂಬ ಮೇಲೆ, ಕೆಂಪು ಬಿಂಬ ಅದಕ್ಕಿಂತ 15 ವಿಕಲೆ ಕೆಳಗೆ, ನಡುವೆ ಉಳಿದ ಬಣ್ಣಗಳು ನಿಂತರೆ, ಒಂದೇ ನಕ್ಷತ್ರ ಗಾಳಿನಡುಕದ ತಟ್ಟೆಗಿಂತ ಇಮ್ಮಡಿ ಉದ್ದದ ಬಣ್ಣದ ಗೆರೆಯಾಗಿಬಿಡುತ್ತದೆ. ದಿಗಂತದ ಬಳಿಯ ಲುಬ್ಧಕ ನಕ್ಷತ್ರ ಕೆಂಪು, ಹಸಿರು, ನೀಲಿಯಾಗಿ ಸಿಡಿಯುತ್ತ ಮಿನುಗುವುದೂ ಇದೇ ಕಾರಣದಿಂದ: ಬೇರೆ ಬೇರೆ ಬಣ್ಣಗಳು ತುಸು ಬೇರೆ ಬೇರೆ ಹಾದಿಗಳಲ್ಲಿ ಬರುವುದರಿಂದ ಅವುಗಳ ಮಿನುಗೂ ಬೇರೆ ಬೇರೆ ಕ್ಷಣಗಳಲ್ಲಿ ನಡೆಯುತ್ತದೆ.

ಈ 15 ವಿಕಲೆಗಳ ಹಂಚಿಕೆಯೂ ಸಮನಾಗಿಲ್ಲ ಎನ್ನುವುದು ಕಣ್ಣಿಗೆ ಬೀಳದ, ಆದರೆ ಛಾಯಾಗ್ರಾಹಕರಿಗೆ ಅತ್ಯಂತ ಉಪಯುಕ್ತವಾದ ಸಂಗತಿ. ಬೆಳಕಿನ ಅಲೆಯುದ್ದ ಕಡಿಮೆಯಾದಂತೆಲ್ಲ ಗಾಳಿ ಅದನ್ನು ಬಾಗಿಸುವ ಪ್ರಮಾಣ ಮತ್ತಷ್ಟು ಚುರುಕಾಗಿ ಏರುತ್ತದೆ. ಹೀಗಾಗಿ ಗೆರೆಯ ಅರ್ಧಕ್ಕೂ ಹೆಚ್ಚು ಉದ್ದವನ್ನು, ಎಂದರೆ ಸುಮಾರು 8 ವಿಕಲೆಯನ್ನು, ನೇರಳೆ ಮತ್ತು ನೀಲಿ ಬಣ್ಣಗಳೇ ಆಕ್ರಮಿಸುತ್ತವೆ. ಹಸಿರು ಹಳದಿಗಳ ಪಾಲು 4 ವಿಕಲೆ. ಕಿತ್ತಳೆಯಿಂದ ಕಡುಗೆಂಪಿನವರೆಗಿನ ಇಡೀ ಪಟ್ಟಿ ಎರಡೂವರೆ ವಿಕಲೆಯಲ್ಲಿ ಮುಗಿದುಹೋಗುತ್ತದೆ.

ಕೆಂಪಿಗೆ ಮೂರು ಬಗೆಯ ರಿಯಾಯಿತಿ

ಈಗ ಮೂರು ದೋಷಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಎಲ್ಲವೂ ಗಾಳಿಮಡಿಯೊಂದಿಗೇ ಬೆಳೆಯುವುದಷ್ಟೇ ಅಲ್ಲ, ಎಲ್ಲವೂ ಬಣ್ಣಕ್ಕೆ ತಕ್ಕಂತೆ ಹೆಚ್ಚುಕಡಿಮೆಯಾಗುತ್ತವೆ ಎನ್ನುವುದೂ ಸ್ಪಷ್ಟವಾಗುತ್ತದೆ. ಗಾಳಿಯ ಅಣುಗಳು ನೀಲಿಯನ್ನು ಕೆಂಪಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಚೆದುರಿಸುತ್ತವೆ, ಹಗಲಿನ ಆಕಾಶಕ್ಕೆ ನೀಲಿಯನ್ನೂ ಸಂಜೆಯ ಸೂರ್ಯನಿಗೆ ಕೆಂಪನ್ನೂ ಕೊಡುವುದು ಇದೇ. ಹಸಿರು ಪ್ರತಿ ಮಡಿಗೆ 80 ಪಾಲು ಉಳಿಯುವ ರಾತ್ರಿಯಲ್ಲಿ ನೀಲಿ ಉಳಿಯುವುದು ಸುಮಾರು 70, ಕೆಂಪು 86. ಒಂದು ಮಡಿಯಲ್ಲಿ ಇದು ಸಣ್ಣ ಅಂತರ. ಹತ್ತು ಮಡಿಗಳ ಕೊನೆಯಲ್ಲಿ ನೀಲಿ ನೂರರಲ್ಲಿ ಮೂರು ಪಾಲಿಗೆ ಇಳಿದಿರುತ್ತದೆ, ಕೆಂಪು ಇಪ್ಪತ್ತರ ಹತ್ತಿರ ಉಳಿದಿರುತ್ತದೆ. ಗಾಳಿನಡುಕ ಕೂಡ ಕೆಂಪಿನಲ್ಲಿ ತುಸು ಕಡಿಮೆ, ಈ ಲಾಭ ಅಷ್ಟೇನೂ ದೊಡ್ಡದಲ್ಲ. ಬಣ್ಣದ ಚೆದುರಿನಲ್ಲಿ ಕೆಂಪಿನ ಪಾಲು ಅತಿ ಕಡಿಮೆ ಎಂಬುದನ್ನು ಈಗಷ್ಟೇ ನೋಡಿದ್ದಾಯಿತು. ಅತಿ ಹೆಚ್ಚು ಉಳಿಯುವ, ಅತಿ ಕಡಿಮೆ ನಡುಗುವ, ಅತಿ ಕಡಿಮೆ ಹರಡುವ ಬೆಳಕು ಒಂದೇ ಆಗಿರುವುದು ಆಕಸ್ಮಿಕವಲ್ಲ. ಉದ್ದನೆಯ ಅಲೆಗಳೊಂದಿಗೆ ಗಾಳಿಯ ಅಣುಗಳ ವ್ಯವಹಾರ ದುರ್ಬಲವಾಗಿರುವುದೇ ಚೆದುರಿಕೆಯೂ ಬಾಗುವಿಕೆಯ ವ್ಯತ್ಯಾಸವೂ ಕೆಂಪಿನಲ್ಲಿ ಕುಗ್ಗುವುದಕ್ಕೆ ಕಾರಣ.

47 ಟುಕಾನೆಯ ವಿಷಯದಲ್ಲಿ ಇದಕ್ಕೆ ಇನ್ನೊಂದು ಅನುಕೂಲ ಸೇರುತ್ತದೆ. ಈ ಗುಚ್ಛದ ಪ್ರಖರ ನಕ್ಷತ್ರಗಳು ಇಂಧನ ಮುಗಿಸುತ್ತ ಉಬ್ಬಿ ತಣ್ಣಗಾದ ಕೆಂಪು ದೈತ್ಯಗಳು, ಅವು ಹೊರಡಿಸುವ ಬೆಳಕಿನಲ್ಲೇ ಕೆಂಪಿನ ಪಾಲು ಹೆಚ್ಚು. ಎಳೆಯ ನೀಲಿ ನಕ್ಷತ್ರಗಳ ಗುಚ್ಛವೊಂದು ಇದೇ ಎತ್ತರದಲ್ಲಿದ್ದರೆ ಛಾಯಾಗ್ರಾಹಕರ ಪಾಡು ಇದಕ್ಕಿಂತ ಕಷ್ಟದ್ದಾಗುತ್ತಿತ್ತು. ಹಾಗೆಂದು ಕೆಂಪನ್ನೂ ದಾಟಿ ಅವಕೆಂಪಿನೊಳಕ್ಕೆ ಬಹಳ ದೂರ ಹೋಗುವುದೂ ಜಾಣತನವಲ್ಲ, ಅಲ್ಲಿ ವಾಯುಪ್ರಭೆ ಏರುತ್ತದೆ ಮತ್ತು ಸಾಮಾನ್ಯ ಕ್ಯಾಮೆರಾಗಳ ಸಂವೇದಕಗಳ ಸೂಕ್ಷ್ಮತೆ ಇಳಿಯುತ್ತದೆ.

ಕ್ಯಾಮೆರಾ ಹಿಡಿದವರ ಆಯ್ಕೆಗಳು

ಇಷ್ಟನ್ನು ತಿಳಿದ ಮೇಲೆ ಉಪಕರಣದ ಆಯ್ಕೆ ಸರಳವಾಗುತ್ತದೆ. ಗಾಳಿಯೇ 8 ವಿಕಲೆಯ ತಟ್ಟೆಯನ್ನು ಕೊಡುತ್ತಿರುವಾಗ ಅದಕ್ಕಿಂತ ಎಷ್ಟೋ ಸೂಕ್ಷ್ಮವಾಗಿ ನೋಡಬಲ್ಲ ದೊಡ್ಡ ದೂರದರ್ಶಕವನ್ನು ಹೂಡುವುದು ದಂಡ. ಅದು ಆ ತಟ್ಟೆಯನ್ನೇ ದೊಡ್ಡದಾಗಿ ತೋರಿಸುತ್ತದೆ. 400 ಮಿಲಿಮೀಟರ್ ನಾಭಿದೂರದ ಮಸೂರಕ್ಕೆ 4 ಮೈಕ್ರಾನ್ ಪಿಕ್ಸೆಲ್‌ಗಳ ಕ್ಯಾಮೆರಾ ಜೋಡಿಸಿದರೆ ಒಂದು ಪಿಕ್ಸೆಲ್ 2 ವಿಕಲೆಯನ್ನು ಆವರಿಸುತ್ತದೆ, ಗುಚ್ಛ ಸುಮಾರು 900 ಪಿಕ್ಸೆಲ್ ಅಗಲವಾಗಿ ಬರುತ್ತದೆ, ದಿಗಂತದ ಗಾಳಿ ಕೊಡಬಲ್ಲ ವಿವರವೆಲ್ಲವೂ ಅದರಲ್ಲಿ ಅಡಕವಾಗುತ್ತದೆ. 200 ಮಿಲಿಮೀಟರ್ ಮಸೂರದಲ್ಲಿ ಒಂದು ಪಿಕ್ಸೆಲ್ 4 ವಿಕಲೆಯಾಗಿ, ಬಣ್ಣದ ಗೆರೆ ನಾಲ್ಕು ಪಿಕ್ಸೆಲ್‌ಗೆ ಇಳಿದು, ಗುಚ್ಛದ ಪಕ್ಕದಲ್ಲೇ ಎರಡೂವರೆ ಡಿಗ್ರಿ ದೂರದಲ್ಲಿ ಇರುವ ಕಿರಿಯ ಮೆಗಲಾನಿಕ್ ಮೋಡವೂ ಅದೇ ಚೌಕಟ್ಟಿನೊಳಗೆ ಬರುತ್ತದೆ. ಸುಮಾರು 2 ಲಕ್ಷ ಜ್ಯೋತಿರ್ವರ್ಷ ದೂರದ ಆ ಪುಟ್ಟ ಗೆಲಾಕ್ಸಿಯನ್ನು ಕರ್ನಾಟಕದ ನೆಲದಿಂದ ಹಿಡಿಯುವ ಪ್ರಯತ್ನ ಒಮ್ಮೆಯಾದರೂ ಮಾಡತಕ್ಕದ್ದು.

ನಕ್ಷತ್ರಗಳ ಚಲನೆಯನ್ನು ಹಿಂಬಾಲಿಸುವ ಪೀಠ ಇಲ್ಲದವರಿಗೂ ಇಲ್ಲಿ ದಾರಿಯಿದೆ. ಭೂಮಿ ತಿರುಗುವುದರಿಂದ ಆಕಾಶದ ನಡುಗೆರೆಯ ಬಳಿಯ ನಕ್ಷತ್ರ ಸೆಕೆಂಡಿಗೆ 15 ವಿಕಲೆ ಸರಿದರೆ, ಧ್ರುವಕ್ಕೆ ಹತ್ತಿರವಾದಂತೆ ಈ ವೇಗ ಇಳಿಯುತ್ತ ಬಂದು 47 ಟುಕಾನೆ ಇರುವಲ್ಲಿ 5 ವಿಕಲೆಗಿಂತಲೂ ಕಡಿಮೆಯಾಗುತ್ತದೆ. ಆದ್ದರಿಂದ ಸಾಮಾನ್ಯ ಮುಕ್ಕಾಲಿಯ ಮೇಲೆ 200 ಮಿಲಿಮೀಟರ್ ಮಸೂರವನ್ನಿಟ್ಟು ಎರಡು ಸೆಕೆಂಡು ತೆರೆದರೆ ನಕ್ಷತ್ರ ಸರಿಯುವುದು ಎರಡು ಮೂರು ಪಿಕ್ಸೆಲ್ ಅಷ್ಟೇ, ಹೆಚ್ಚುಕಡಿಮೆ ಗಾಳಿನಡುಕದ ತಟ್ಟೆಯೊಳಗೇ ಅದು ಅಡಗುತ್ತದೆ. ಇಂಥ ನೂರಾರು ಪುಟ್ಟ ಚಿತ್ರಗಳನ್ನು ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಹೊಂದಿಸಿ ಕೂಡಿಸಿದರೆ ಮಂಕು ನಕ್ಷತ್ರಗಳು ಮೆಲ್ಲಗೆ ಮೇಲೇಳುತ್ತವೆ. ಕಿರು ಅವಧಿಯ ಚಿತ್ರಗಳಿಗೆ ಇನ್ನೊಂದು ಗುಣವಿದೆ: ಗಾಳಿ ಕ್ಷಣಕಾಲ ಶಾಂತವಾದಾಗ ಬಂದ ಚಿತ್ರಗಳನ್ನು ಉಳಿಸಿಕೊಂಡು, ಕದಡಿದಾಗ ಬಂದವನ್ನು ಧಾರಾಳವಾಗಿ ಎಸೆಯಬಹುದು. ಎಸೆಯಲು ಮನಸ್ಸು ಬಾರದವರ ಚಿತ್ರ ಮಸುಕಾಗಿಯೇ ಉಳಿಯುತ್ತದೆ.

ಸಂಸ್ಕರಣೆಯಲ್ಲಿ ಮೊದಲ ಕೆಲಸ, ಬಣ್ಣದ ಚಿತ್ರವನ್ನು ಕೆಂಪು, ಹಸಿರು, ನೀಲಿ ಎಂಬ ಮೂರು ಪದರಗಳಾಗಿ ಬಿಡಿಸಿ, ಕೆಂಪು ಪದರವನ್ನು ಅಲುಗಿಸದೆ ಉಳಿದೆರಡನ್ನು ಕೆಳಕ್ಕೆ ಸರಿಸಿ ನಕ್ಷತ್ರಗಳು ಒಂದರ ಮೇಲೊಂದು ಕೂರುವಂತೆ ಹೊಂದಿಸುವುದು. ಪದರಗಳ ನಡುವಿನ ಅಂತರ ಇದರಿಂದ ಹೋಗುತ್ತದೆ, ಆದರೆ ಒಂದೊಂದು ಪದರದ ಒಳಗೇ ಆಗಿರುವ ಹರಡಿಕೆ ಹೋಗುವುದಿಲ್ಲ, ಮತ್ತು ನೀಲಿ ಪದರದಲ್ಲಿ ಅದು 8 ವಿಕಲೆ ಎನ್ನುವುದನ್ನು ಮರೆಯಬಾರದು. ಆದ್ದರಿಂದ ಚಿತ್ರದ ವಿವರವನ್ನೆಲ್ಲ ಕೆಂಪು ಪದರದಿಂದ ಪಡೆದು, ಹಸಿರು ಮತ್ತು ನೀಲಿ ಪದರಗಳನ್ನು ಮೃದುಗೊಳಿಸಿ ಬಣ್ಣ ತುಂಬಲು ಮಾತ್ರ ಬಳಸುವುದು ಉತ್ತಮ. ಬಣ್ಣ ಕಾಣದ ಕ್ಯಾಮೆರಾ ಇರುವವರು ಗುಚ್ಛ ಅತಿ ಮೇಲಿರುವ ಅವಧಿಯನ್ನು ಕೆಂಪು ಸೋಸುಗಾಜಿಗೇ ಮೀಸಲಿಟ್ಟು ಹಸಿರನ್ನೂ ನೀಲಿಯನ್ನೂ ಅದರ ಹಿಂದೆ ಮುಂದೆ ತೆಗೆಯುವ ರೂಢಿ ಮಾಡಿಕೊಳ್ಳಬೇಕು. ಗಾಳಿಯಿಂದಾದ ಬಣ್ಣದ ಚೆದುರನ್ನು ಎದುರು ದಿಕ್ಕಿನ ಚೆದುರಿನಿಂದ ಸರಿಪಡಿಸುವಂತೆ ತಿರುಗಿಸಬಹುದಾದ ಎರಡು ಪಟ್ಟಕಗಳ ಸರಿಪಡಿಕೆಯ ಸಾಧನವೂ ಪೇಟೆಯಲ್ಲಿ ಸಿಗುತ್ತದೆ. ಗ್ರಹಗಳ ಚಿತ್ರ ತೆಗೆಯುವ ಉದ್ದ ನಾಭಿದೂರದ ದೂರದರ್ಶಕಗಳಿಗೆ ಅದು ವರವೇ ಸರಿ, ಅಗಲ ಚೌಕಟ್ಟಿನ ಗಿಡ್ಡ ಮಸೂರಗಳಿಗೆ ಒಗ್ಗುವುದಿಲ್ಲ.

ಬಣ್ಣವನ್ನು ಸಮತೂಕಕ್ಕೆ ತರುವ ಕೊನೆಯ ಹಂತದಲ್ಲಿ ಒಂದು ಎಚ್ಚರ ಬೇಕು. ಗುಚ್ಛದ ನಕ್ಷತ್ರಗಳ ಕೆಂಪಿನಲ್ಲಿ ಸ್ವಲ್ಪ ಅವುಗಳದೇ, ಸ್ವಲ್ಪ ಗಾಳಿಯದು. ಚಿತ್ರದಲ್ಲಿರುವ ನಕ್ಷತ್ರಗಳ ಬಣ್ಣವನ್ನು ತಾರಾಪಟ್ಟಿಯಲ್ಲಿ ದಾಖಲಾಗಿರುವ ಬಣ್ಣಕ್ಕೆ ಹೋಲಿಸಿ ಸರಿಪಡಿಸುವ ತಂತ್ರಾಂಶಗಳು ಗಾಳಿಯ ಪಾಲನ್ನು ಕಳೆದು ನಕ್ಷತ್ರದ ಪಾಲನ್ನು ಉಳಿಸುತ್ತವೆ. ಆದರೆ ಅವು ಇಡೀ ಚಿತ್ರಕ್ಕೆ ಒಂದೇ ತಿದ್ದುಪಡಿಯನ್ನು ಅನ್ವಯಿಸಿದರೆ ಸಾಲದು. 35 ಮಿಲಿಮೀಟರ್ ಫಿಲ್ಮಿನಳತೆಯ ಸಂವೇದಕದ ಮೇಲೆ 200 ಮಿಲಿಮೀಟರ್ ಮಸೂರದಿಂದ ಅಡ್ಡಲಾಗಿ ತೆಗೆದ ಚಿತ್ರದ ಎತ್ತರ ಸುಮಾರು 7 ಡಿಗ್ರಿ. ಅದರ ನಡುವೆ ಗುಚ್ಛವು 5 ಡಿಗ್ರಿಯಲ್ಲಿದ್ದರೆ ಮೇಲಂಚು ಎಂಟೂವರೆ ಡಿಗ್ರಿಯಲ್ಲಿಯೂ ಕೆಳಂಚು ಒಂದೂವರೆ ಡಿಗ್ರಿಯಲ್ಲಿಯೂ ಇರುತ್ತದೆ, ಎಂದರೆ ಒಂದೇ ಚಿತ್ರದ ತುದಿಯಿಂದ ಬುಡಕ್ಕೆ ಗಾಳಿಮಡಿ ಆರೂವರೆಯಿಂದ ಇಪ್ಪತ್ತೆರಡರ ಸುಮಾರಿಗೆ ಏರಿರುತ್ತದೆ. ಹೀಗಾಗಿ ಚಿತ್ರವನ್ನು ಅಡ್ಡಪಟ್ಟಿಗಳಾಗಿ ವಿಂಗಡಿಸಿ, ಪ್ರತಿ ಪಟ್ಟಿಯ ನಕ್ಷತ್ರಗಳನ್ನು ತಾರಾಪಟ್ಟಿಯೊಂದಿಗೆ ಬೇರೆ ಬೇರೆಯಾಗಿ ಹೋಲಿಸಿ, ಕೆಳಗೆ ಹೋದಂತೆ ನೀಲಿಯನ್ನು ಹೆಚ್ಚು ಹೆಚ್ಚು ಎತ್ತಬೇಕಾಗುತ್ತದೆ. ಕೆಳಗಿನ ಒಂದೆರಡು ಪಟ್ಟಿಗಳಲ್ಲಿ ಎತ್ತಲು ನೀಲಿಯೇ ಉಳಿದಿರದಿದ್ದರೆ ಅಷ್ಟು ಭಾಗವನ್ನು ಕತ್ತರಿಸಿ ತೆಗೆಯುವುದೇ ಸರಿಯಾದ ಕ್ರಮ.